ಕಪ್ತಾನನ ದವಡೆ

ಮಾರ್ಚ್ ಬಂದರೂ ಈರಿ ಸರೋವರದ ಅಂಚು ಹೆಪ್ಪು ಬಿಟ್ಟಿರಲಿಲ್ಲ.
ರೈಲು ಎಂಜಿನ್ನಿನ ಕಾರ್ಖಾನೆ ನನ್ನನ್ನು ಮನೆಗೆ ಕಳಿಸಿದ ಮೇಲೆ
ಗ್ಯಾರೇಜಿನಲ್ಲಿ ಗೊಂಬೆ ರಿಪೇರಿ ಮಾಡುತ್ತೇನೆ.
ಇನ್ನೂರು ಟನ್ನಿನದನ್ನು ಬಿಚ್ಚುತ್ತಿದ್ದ ಕೈಗೆ
ಈಗ ಕಡಲೆಗಾತ್ರದ ಹಲ್ಲುಚಕ್ರ.

ಅವಳು ಬಂದಳು, ಕಂಕುಳಲ್ಲಿ ಒಂದು ನೀರುನಾಯಿ.
ಕಪ್ತಾನ ಮಾರ್ಬಲ್!
ಶನಿವಾರ ಬೆಳಿಗ್ಗೆಯ ಟಿವಿಯಲ್ಲಿ
ಹಡಗು ಮುಳುಗಿಸುವುದನ್ನೇ ಕಸುಬು ಮಾಡಿಕೊಂಡಿದ್ದವನು,
ಆಮೇಲೆ ಬೆನ್ನೊಳಗೆ ಕ್ಯಾಸೆಟ್ ಹಾಕಿಸಿಕೊಂಡು
ಮಕ್ಕಳ ಹಾಸಿಗೆಗೇ ಬಂದ, ಕತೆ ಹೇಳಲು.
ಟೊಪ್ಪಿಗೆ ಇಲ್ಲ. ಒಂದು ರೆಪ್ಪೆ ಅರ್ಧಕ್ಕೇ ನಿಂತಿದೆ.
ಹೊಟ್ಟೆಯ ತುಪ್ಪಳ ಸವೆದು ಹಳೇ ಟವೆಲ್ಲು.

ಚೀಟಿಯಲ್ಲಿ ಬರೆದಳು:
ಹೆಸರು ಮಾರ್ಲಾ ನೊವಿಟ್ಸ್ಕಿ. ನನಗೆ ಕಿವಿ ಕೇಳಿಸದು,
ಹುಟ್ಟಿದಾಗಿನಿಂದ.
ಸ್ಪೀಕರಿನ ಗೊಡವೆ ಬೇಡ,
ದವಡೆ ಮಾತ್ರ ಸರಿ ಮಾಡಿ.

ಈ ಗೊಂಬೆಗಳ ಗುಟ್ಟು ಹೇಳಬೇಕು.
ಟೇಪು ಒಂದೇ, ಹಾದಿ ಎರಡು.
ಎಡದ್ದರಲ್ಲಿ ಕತೆ, ಯಾವನೋ ಬಾಡಿಗೆ ನಟನ ದಪ್ಪ ಗಂಟಲು.
ಬಲದ್ದರಲ್ಲಿ ಬರೀ ಗರಗರ:
ತೆರೆ, ಮುಚ್ಚು, ಕಣ್ಣು ಬಡಿ, ಮತ್ತೆ ತೆರೆ,
ಮೋಟಾರಿಗಷ್ಟೇ ಹೇಳಿದ ಚಾಡಿ.
ಮಕ್ಕಳಿಗೆಲ್ಲ ಎಡದ್ದು ಸಿಕ್ಕಿತು.
ಬಲದ್ದು ಯಾರಿಗೂ ಬೇಕಾಗಿರಲಿಲ್ಲ
ಅಂದುಕೊಂಡಿದ್ದೆ.

ಮುಖ ಸುಲಿದೆ. ನಾಲ್ಕು ತಿರುಪು.
ರಬ್ಬರ್ ಪಟ್ಟಿ ಕರಗಿ ಕಾಕಂಬಿ.
ದವಡೆಯ ಸಂದಿನಲ್ಲಿ, ಗ್ರೀಸಿನಡಿಯಲ್ಲಿ,
ಏನೋ ಕಲ್ಲಾಗಿ ಕೂತಿತ್ತು.
ಚಿಮಟದಲ್ಲಿ ಎತ್ತಿ ದೀಪದ ಕೆಳಗೆ ಹಿಡಿದೆ.
ಬಿಸ್ಕತ್ತು.
ಒಂದಲ್ಲ, ಪದರ ಪದರ. ಉಪ್ಪು ಬಿಸ್ಕತ್ತಿನ ಪುಡಿ,
ಒಂದು ಬಟಾಣಿ ಸಿಪ್ಪೆ,
ಹಲ್ಲುಚಕ್ರದ ಗುರುತು ಮೈತುಂಬ ಹೊತ್ತ
ಒಂದೇ ಒಂದು ಒಣದ್ರಾಕ್ಷಿ.

ತಟ್ಟೆಯಲ್ಲಿಟ್ಟು ತೋರಿಸಿದೆ. ನಕ್ಕಳು,
ಮೇಜಿನ ಮೇಲಿನ ತಿರುಪುಗಳು ಉರುಳುವಷ್ಟು.
ಮತ್ತೆ ಚೀಟಿ, ಈ ಸಲ ಎರಡೂ ಬದಿ:
ಐದು ವರ್ಷ ನನಗೆ.
ತುಟಿ ಓದುವುದನ್ನು ಶಾಲೆಯಲ್ಲಿ
ಕೈಯ ಮೇಲೆ ಕೂರಿಸಿ ಕಲಿಸುತ್ತಿದ್ದರು.
ಟೀಚರಿನ ತುಟಿ ಕಷ್ಟ, ಅಪ್ಪನದು ಮೀಸೆಯೊಳಗೆ.
ಇವನದು ಸುಲಭ, ಇಡೀ ಭಾಷೆಗೆ ಒಂದೇ ಅಕ್ಷರ:
ಆ. ಆ. ಆ.
ದಿನಾ ರಾತ್ರಿ, ನನ್ನನ್ನೇ ನೋಡಿಕೊಂಡು.
ಅಷ್ಟು ಹೊತ್ತು ಬಾಯಿ ತೆರೆಯುವವರು
ಹಸಿದವರಲ್ಲದೆ ಇನ್ನೇನು?

ಕತೆಗೆ ಹೂಂಗುಟ್ಟಲಿಲ್ಲ ಈ ಹುಡುಗಿ,
ತುತ್ತಿಟ್ಟಳು.
ಕಿವುಡರ ಮುಂದೆ ಕಿನ್ನರಿ ಎಂದು ಗಾದೆ ಕಟ್ಟಿದವರು
ಈ ತಟ್ಟೆಯನ್ನೊಮ್ಮೆ ನೋಡಬೇಕಿತ್ತು.

ಹೊಸ ಪಟ್ಟಿ ಹಾಕಿದೆ. ಎರಡು ಹನಿ ಎಣ್ಣೆ.
ಸ್ಪೀಕರ್ ಮುಟ್ಟಬೇಡ ಅಂದಿದ್ದಳು, ಮುಟ್ಟಲಿಲ್ಲ,
ಅದು ತಾನಾಗಿಯೇ ಚೆನ್ನಾಗಿತ್ತು. ಗುಂಡಿ ಒತ್ತಿದ್ದೇ
ನಲವತ್ತು ವರ್ಷದ ಹಿಂದಿನ ಗಂಟಲು ನನ್ನ ಗ್ಯಾರೇಜಿನಲ್ಲಿ:
"ಹಲ್ಲುಜ್ಜಿದಿರಾ, ನಾವಿಕರೇ?
ಇನ್ನು ಬೆಳಗಾಗುವವರೆಗೆ ಏನನ್ನೂ ತಿನ್ನಬಾರದು!"

ಏನು ಹೇಳುತ್ತಿದ್ದಾನೆ ಎಂದು ಅವಳು ಕೇಳಲಿಲ್ಲ.
ಪೆನ್ನು ಎತ್ತಿಕೊಂಡಿದ್ದೆ. ಕೆಳಗಿಟ್ಟೆ.

ಚೀಲದಿಂದ ಪೊಟ್ಟಣ ತೆಗೆದಳು. ಒಂದು ಬಿಸ್ಕತ್ತು,
ಮುರಿದು, ಆ ಬಾಯಿ ತೆರೆಯುವ ಹೊತ್ತು ಕಾದು
(ಕಾಯುವವರ ಬಾಯಿ ತಾನೇ ತೆರೆಯುತ್ತದೆ,
ಕೂಸಿಗೆ ಉಣಿಸುವವರನ್ನು ನೋಡಿ)
ಅವಳ ಬಾಯಿ ತೆರೆದಿತ್ತು. ನನ್ನದೂ.
ಇಡಲಿಲ್ಲ.
ಪಟ್ಟಿ ಹೊಸದು ಎಂದು ನನ್ನ ಕಡೆ ಕಣ್ಣು ಹೊಡೆದು
ತಾನೇ ತಿಂದಳು, ಇನ್ನರ್ಧ ನನಗೆ.

ಬಿಲ್ಲು ಬರೆದೆ: ಪಟ್ಟಿ ಒಂದು, ಹನ್ನೊಂದು ಡಾಲರ್.
ದವಡೆ ಶುಚಿ ಮಾಡಿದ್ದಕ್ಕೆ, ಏನೂ ಇಲ್ಲ.
ಒಣದ್ರಾಕ್ಷಿಯ ಸುದ್ದಿ ಅವಳೂ ಎತ್ತಲಿಲ್ಲ.
ತಿರುಪಿನ ಡಬ್ಬಿಯಲ್ಲಿದೆ,
ಅಗತ್ಯ ಬಿದ್ದೀತು.